ನೂರು ದಿನದ ಕೂಲಿ

ನಮ್ಮ ಅತ್ತೆ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. ನಾನು ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಹಗಲು ಮಿಷನ್ನು, ರಾತ್ರಿ ಅವರ ಆರೈಕೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂದು ನರ್ಸಮ್ಮ ಹೇಳಿದ್ದರು. ಅಲಾರಂ ಇಟ್ಟುಕೊಂಡು ಏಳುತ್ತಿದ್ದೆ. ನನ್ನ ಓರಗಿತ್ತಿ ಅಷ್ಟು ದಿನದಲ್ಲಿ ಬಂದದ್ದು ಮೂರೇ ಸಲ. ಅತ್ತೆಯನ್ನು ಮಣ್ಣು ಮಾಡಿ ಬಂದ ಸಂಜೆ ನೆಂಟರ ಮುಂದೆ ಅವರು ಒಂದು ಮಾತು ಹೇಳಿದರು. "ನಮ್ಮನೇಲಿ ಇದ್ದಿದ್ರೆ ಅತ್ತೆ ಇನ್ನೂ ನಾಲ್ಕು ವರ್ಷ ಬದುಕ್ತಿದ್ರು."

ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಚರ್ಚಿನಲ್ಲಿ ಯಾರಾದರೂ ಕೇಳಿದರೆ "ಹೋಗ್ಲಿ ಬಿಡಿ, ಅದೇನು ದೊಡ್ಡ ವಿಷ್ಯ" ಅನ್ನುತ್ತಿದ್ದೆ. ಅದನ್ನೇ ಕೃಪೆ ಅಂದುಕೊಂಡಿದ್ದೆ. ಭಾನುವಾರ ಅವರು ಎದುರಿಗೆ ಸಿಕ್ಕರೆ ವಂದನೆ ಹೇಳಿ, ನಗುತ್ತಾ ಮುಂದೆ ಹೋಗುತ್ತಿದ್ದೆ. ಮನೆಗೆ ಬಂದ ಮೇಲೆ ಮತ್ತೆ ಲೆಕ್ಕ. ಎಷ್ಟು ರಾತ್ರಿ ಎದ್ದೆ, ಎಷ್ಟು ಸಲ ಬಟ್ಟೆ ಒಗೆದೆ, ಅವರು ಎಷ್ಟು ಸಲ ಬಂದರು. ಎರಡು ವರ್ಷ ಹೀಗೇ ಕಳೆಯಿತು.

ನನಗೆ ದಾರಿ ಕಾಣಿಸಿದ್ದು ಬೈಬಲಿನ ಮತ್ತಾಯ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಸಾಮ್ಯದಿಂದ, ಅಂದರೆ ನೀತಿಕಥೆಯಿಂದ. ಒಬ್ಬ ಸೇವಕ ಅರಸನಿಗೆ 10,000 ತಲಾಂತು ಕೊಡಬೇಕು. ಅರಸ ಅಷ್ಟನ್ನೂ ಬಿಟ್ಟುಬಿಡುತ್ತಾನೆ. ಅದೇ ಸೇವಕ ಹೊರಗೆ ಬಂದು, ತನಗೆ 100 ದೇನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಚಿಕ್ಕಂದಿನಿಂದ ಸಂಡೆ ಸ್ಕೂಲಿನಲ್ಲಿ ಕೇಳಿದ ಕಥೆ. ಆದರೆ ಒಂದು ದೇನಾರಿ ಅಂದರೆ ಒಬ್ಬ ಕೂಲಿಯವನ ಒಂದು ದಿನದ ದುಡಿಮೆ. ಒಂದು ತಲಾಂತಿಗೆ ಸುಮಾರು 6,000 ದೇನಾರಿ. ಹಾಗಾದರೆ ಅರಸ ಬಿಟ್ಟ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು.

ಇದನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಚಿಕ್ಕ ಸಾಲ. ಅದೂ ನಿಜವಾಗಿ ಚಿಕ್ಕದಲ್ಲ, ಅಲ್ವಾ? ನೂರು ದಿನದ ಕೂಲಿ ಅಂದರೆ ಮೂರು ನಾಲ್ಕು ತಿಂಗಳ ಅಕ್ಕಿ, ಬೇಳೆ, ಬಾಡಿಗೆ. ಯೇಸು ಅದನ್ನು ಒಂದು ಬಿಡಿಕಾಸು ಅಂತ ಹೇಳಬಹುದಿತ್ತು, ಹೇಳಲಿಲ್ಲ. ನನ್ನ ಓರಗಿತ್ತಿ ನನಗೆ ಕೊಡಬೇಕಾದದ್ದು ನಿಜವಾದ ಸಾಲವೇ. ಅದನ್ನು "ಏನೂ ಇಲ್ಲ" ಅಂತ ನಾನು ಸುಮ್ನೆ ಸುಳ್ಳು ಹೇಳುತ್ತಿದ್ದೆ. ಇಲ್ಲದ ಸಾಲವನ್ನು ಬಿಡುವುದು ಹೇಗೆ?

ಅವತ್ತಿನಿಂದ ನನ್ನ ಪ್ರಾರ್ಥನೆ ಬದಲಾಯಿತು. "ಎಲ್ಲರನ್ನೂ ಕ್ಷಮಿಸುತ್ತೇನೆ" ಅನ್ನುವುದನ್ನು ಬಿಟ್ಟೆ. ಒಂದೊಂದನ್ನೇ ಹೆಸರಿಟ್ಟು ಹೇಳಿದೆ. "ಕರ್ತನೇ, ನಾನು ಆ ರಾತ್ರಿಗಳಲ್ಲಿ ಒಬ್ಬಳೇ ಎದ್ದೆ. ಅಕ್ಕ ಬರಬೇಕಿತ್ತು, ಬರಲಿಲ್ಲ. ಅದನ್ನು ಅವರಿಂದ ಇನ್ನು ಕೇಳುವುದಿಲ್ಲ." ಅಳು ಬಂತು. ಆಮೇಲೆ ಅತ್ತೆಯ ಮೇಲೆ ನಾನೇ ರೇಗಿದ ರಾತ್ರಿಗಳೂ ನೆನಪಾದವು. ಅವರಿಗೆ ಮಾತು ಬರುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅವನ್ನೂ ಹೇಳಿಕೊಂಡೆ.

ಆ ಕ್ರಿಸ್‌ಮಸ್‌ಗೆ ಕರ್ಜಿಕಾಯಿ, ಕೇಕ್ ತಟ್ಟೆಯನ್ನು ಮಕ್ಕಳ ಕೈಲಿ ಕಳಿಸದೆ ನಾನೇ ಹೋಗಿ ಕೊಟ್ಟು ಬಂದೆ. ಹಳೆಯ ಮಾತನ್ನು ಎತ್ತಲಿಲ್ಲ. ಅವರೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ.

ಅಂಗಡಿಯಲ್ಲೂ ಇದೇ ಲೆಕ್ಕ ಕಲಿಯಬೇಕಾಯಿತು. ಡಿಸೆಂಬರ್ ಅಂದರೆ ನಮಗೆ ಉಸಿರಾಡಲೂ ಬಿಡುವಿಲ್ಲ. ಕಲಿಯಲು ಬರುವ ಹುಡುಗಿ ಒಂದು ರೇಷ್ಮೆ ಬ್ಲೌಸಿನ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತಳು. ಸೀರೆಯ ಜೊತೆಗೇ ಬಂದ ತುಂಡು, ಅಂಥದ್ದು ಬೇರೆ ಸಿಗುವುದಿಲ್ಲ. ಅವಳು ನಡುಗುತ್ತಾ "ಅಕ್ಕ, ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ" ಎಂದಳು. ಹಿಡಿಯುವುದೇ ರೂಢಿ. ನಾನು ಹಿಡಿಯಲಿಲ್ಲ. ಬಣ್ಣ ಹೊಂದುವ ಬ್ರೊಕೇಡ್ ತಂದು ಹೊಸ ತೋಳು ಕೂರಿಸಿ, ಗಿರಾಕಿಗೆ ನಾನೇ ವಿಷಯ ಹೇಳಿ, ಕೂಲಿ ಬೇಡ ಅಂದೆ. ಅವರು ಜಾಸ್ತಿಯೇ ಬೈದರು. ಆ ಬೈಗುಳವೂ, ಆ ದುಡ್ಡೂ ನನ್ನ ಮೇಲೆ ಬಿತ್ತು. ಸಾಲ ಬಿಟ್ಟ ಮಾತ್ರಕ್ಕೆ ನಷ್ಟ ಮಾಯವಾಗುವುದಿಲ್ಲ, ಬಿಟ್ಟವರ ತಲೆಯ ಮೇಲೆ ಬರುತ್ತದೆ. ಶಿಲುಬೆಯ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೆ. ಇದು ತಿಳಿದದ್ದು ಆ ತೋಳು ಬಿಚ್ಚುವಾಗ. ಮಾರನೇ ದಿನ ಅವಳಿಗೆ ರೇಷ್ಮೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡುವುದನ್ನು ಹತ್ತು ಸಲ ಮಾಡಿಸಿದೆ. ತಿದ್ದದೆ ಬಿಟ್ಟಿದ್ದರೆ ಅದು ಅವಳಿಗೆ ಒಳ್ಳೆಯದಾಗುತ್ತಿರಲಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಗಂಡನ ಕೈಲಿ ಹೊಡೆತ ತಿನ್ನುವ ಹೆಂಗಸಿಗೆ "ಕೃಪೆ ತೋರಿಸಮ್ಮ, ಹೊಂದಿಕೊಂಡು ಹೋಗು" ಅನ್ನುವುದನ್ನು ಕೇಳಿದ್ದೇನೆ. ಅದು ತಪ್ಪು. ಅಂಥವರಿಗೆ ಮೊದಲು ಸುರಕ್ಷಿತ ಜಾಗ ಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಿ, ಜೊತೆಗೆ ನಿಲ್ಲಿ. ಹೊಡೆಸಿಕೊಳ್ಳುತ್ತಾ ಇರು ಅಂತ ಆ ಸಾಮ್ಯದಲ್ಲಿ ಎಲ್ಲೂ ಇಲ್ಲ.

ಏಳು ಸಾರಿ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದ್ದಕ್ಕೆ ಯೇಸು ಈ ಕಥೆ ಹೇಳಿದ್ದು. ಏಳು ಬೇರೆ ಬೇರೆ ತಪ್ಪುಗಳಿಗೆ ಅಂತ ನಾನು ತಿಳಿದಿದ್ದೆ. ನನ್ನ ಅನುಭವದಲ್ಲಿ ಅದು ಒಂದೇ ತಪ್ಪು, ಮತ್ತೆ ಮತ್ತೆ. ಹೋದ ತಿಂಗಳು ಓರಗಿತ್ತಿಯ ಮಗಳ ಮದುವೆಗೆ ಆರು ಬ್ಲೌಸ್ ಹೊಲಿದೆ. ಅಳತೆ ಕೊಡಲು ಬಂದವರು ಅತ್ತೆ ಮಲಗುತ್ತಿದ್ದ ಮಂಚದ ಮೇಲೇ ಕೂತರು. ಆ ಸಂಜೆಯ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು. ಟೇಪು ಹಿಡಿದುಕೊಂಡೇ ಒಳಗೊಳಗೇ ಹೇಳಿಕೊಂಡೆ, "ಕರ್ತನೇ, ಇದನ್ನೂ ಕೇಳುವುದಿಲ್ಲ." ಆಮೇಲೆ ಹುಡುಗಿಯ ಭುಜದ ಅಳತೆ ತೆಗೆದುಕೊಂಡೆ.