ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳಿಗೆ ನಾನು ಆರಿಸಿಕೊಂಡ ಫಾರ್ಮ್ಯಾಟ್

ನಮ್ಮ ಮನೆಯಲ್ಲಿ ಎರಡು ಬಗೆಯ ಕ್ಯಾಸೆಟ್‌ಗಳಿದ್ದವು. ಅಕ್ಕನ ಮದುವೆ, ಅಣ್ಣನ ಉಪನಯನ ಎಲ್ಲ ವಿಎಚ್‌ಎಸ್. ಆಮೇಲಿನ ವರ್ಷಗಳದ್ದು ಮಿನಿ ಡಿವಿ. ಕಂಪ್ಯೂಟರಿಗೆ ಇಳಿಸಿ ಉಳಿಸಿಕೊಳ್ಳಲು ಎರಡಕ್ಕೂ ಒಂದೇ ದಾರಿ ಹಿಡಿಯಬಾರದು.

ಮಿನಿ ಡಿವಿ ಸುಲಭ. ಟೇಪಿನಲ್ಲಿರುವುದೇ ಡಿಜಿಟಲ್. ಫೈರ್‌ವೈರ್ ಕೇಬಲ್ ಹಾಕಿ ಹಾಗೇ ಕಾಪಿ ಮಾಡಿಕೊಂಡೆ. ಗಂಟೆಗೆ ಸುಮಾರು 13 ಜಿಬಿ ಬೇಕು, ಅಷ್ಟೇ. ಅದನ್ನು ಹಳದಿ-ಕೆಂಪು-ಬಿಳಿ ವೈರಿನಲ್ಲಿ ತೆಗೆದರೆ ಅನಲಾಗ್ ಆಗಿ ಮತ್ತೆ ಡಿಜಿಟಲ್ ಆಗುತ್ತದೆ. ಸುಮ್ನೆ ನಷ್ಟ.

ಯೋಚಿಸಬೇಕಾದದ್ದು ವಿಎಚ್‌ಎಸ್ ಬಗ್ಗೆ. ನಮ್ಮ ದೇಶದ ಟಿವಿಯದ್ದು ಪ್ಯಾಲ್ ಪದ್ಧತಿ. ಸೆಕೆಂಡಿಗೆ 25 ಫ್ರೇಮ್, ಒಂದೊಂದರಲ್ಲೂ ಎರಡು ಫೀಲ್ಡ್, ಅಂದರೆ ಗೆರೆ ಬಿಟ್ಟು ಗೆರೆ ಇರುವ ಅರ್ಧ ಚಿತ್ರಗಳು. ಕಂಪ್ಯೂಟರಿಗೆ 720×576 ಅಳತೆಯಲ್ಲಿ ಬರುತ್ತದೆ. ಏನೂ ಕಂಪ್ರೆಸ್ ಮಾಡದೆ ಇಟ್ಟರೆ ಗಂಟೆಗೆ 75 ಜಿಬಿ ಹತ್ತಿರ ಹೋಗುತ್ತದೆ. ಅದಕ್ಕೇ ತುಂಬ ಜನ ನೇರವಾಗಿ ಡಿವಿಡಿಯ ಕಂಪ್ರೆಶನ್ ಆದ ಎಂಪೆಗ್-2ಗೆ ಹಾಕಿಸಿಬಿಡುತ್ತಾರೆ. ನನಗೆ ಅದು ಬೇಡವೇ ಬೇಡ ಅನ್ನಿಸಿತು.

ಕಾರಣ ಕೇಳಿ. ವಿಎಚ್‌ಎಸ್ ಚಿತ್ರದ ತುಂಬ ಕಾಳುಕಾಳು ಇರುತ್ತದೆ. ಎಂಪೆಗ್-2ಗೆ ಅದು ಕಸ ಎಂದು ಗೊತ್ತಾಗುವುದಿಲ್ಲ. ಇರುವ ಬಿಟ್‌ಗಳನ್ನೆಲ್ಲ ಅದಕ್ಕೇ ಸುರಿಯುತ್ತದೆ, ಮುಖಗಳ ಮೇಲೆ ಚೌಕ ಚೌಕ ಕಾಣಿಸುತ್ತದೆ. ಒಮ್ಮೆ ಹಾಗಾದರೆ ಆಮೇಲೆ ಎಂಥ ಸಾಫ್ಟ್‌ವೇರ್ ತಂದರೂ ಪೂರ್ತಿ ಸರಿಯಾಗದು. ಇನ್ನೊಂದು, ಕೆಂಪು ಬಣ್ಣ. ವಿಎಚ್‌ಎಸ್‌ನಲ್ಲಿ ಕೆಂಪು ಮೊದಲೇ ಹರಡಿಕೊಂಡಿರುತ್ತದೆ. ಡಿವಿಡಿ ಬಣ್ಣಕ್ಕೆ ಬಳಸುವ 4:2:0 ಲೆಕ್ಕದಲ್ಲಿ ಅಡ್ಡಕ್ಕಷ್ಟೇ ಅಲ್ಲ, ಮೇಲಿಂದ ಕೆಳಕ್ಕೂ ಬಣ್ಣದ ವಿವರ ಅರ್ಧವಾಗುತ್ತದೆ. ಮದುವೆ ವಿಡಿಯೊದಲ್ಲಿ ಕೆಂಪು ಸೀರೆ ಇಲ್ಲದ ದೃಶ್ಯವೇ ಕಡಿಮೆ ಅಲ್ವಾ? ಹಾಗಾಗಿ ಅಡ್ಡಕ್ಕೆ ಮಾತ್ರ ಅರ್ಧ ಮಾಡುವ 4:2:2 ಬಿಡಬಾರದು ಎಂದು ನಿಶ್ಚಯಿಸಿದೆ.

ನಾನು ಹಿಡಿದ ದಾರಿ ಇದು. ಲ್ಯಾಪ್‌ಟಾಪ್ ಹಳೆಯದು, ಭಾರ ಜಾಸ್ತಿಯಾದರೆ ಫ್ರೇಮ್‌ಗಳು ಬಿಟ್ಟುಹೋಗುತ್ತವೆ. ಅದಕ್ಕೆ ವರ್ಚುವಲ್‌ಡಬ್ ಎಂಬ ಸಾಫ್ಟ್‌ವೇರಿನಲ್ಲಿ ಹಫ್‌ವೈಯುವಿ ಕೋಡೆಕ್ (ವಿಡಿಯೊ ಕುಗ್ಗಿಸುವ ವಿಧಾನ) ಬಳಸಿ ಕ್ಯಾಪ್ಚರ್ ಮಾಡಿದೆ. ಅದು ಹಗುರ, ಚಿತ್ರದಲ್ಲಿ ಏನನ್ನೂ ಕಳೆಯುವುದಿಲ್ಲ. ರಾತ್ರಿ ಎಫ್‌ಎಫ್‌ಎಂಪೆಗ್ ಎಂಬ ಸಾಫ್ಟ್‌ವೇರಿಗೆ ಕೆಲಸ ಕೊಟ್ಟು ಎಫ್‌ಎಫ್‌ವಿ1 ಎಂಬ ಇನ್ನೊಂದು ಕೋಡೆಕ್‌ಗೆ ಬದಲಿಸಿ, ಎಂಕೆವಿ ಫೈಲ್ ಮಾಡಿದೆ. ಇದೂ ಏನನ್ನೂ ಕಳೆಯದ ಲಾಸ್‌ಲೆಸ್, ಆದರೆ ಜಾಗ ಇನ್ನೂ ಕಡಿಮೆ. ನನ್ನ ಕ್ಯಾಸೆಟ್‌ಗಳಿಗೆ ಗಂಟೆಗೆ 30 ಜಿಬಿ ಆಸುಪಾಸು ಬಂತು. ಹಫ್‌ವೈಯುವಿ ಫೈಲ್ ಅಳಿಸುವ ಮೊದಲು ಎರಡರ ಫ್ರೇಮ್‌ಎಂಡಿ5 (ಪ್ರತಿ ಫ್ರೇಮಿನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಿ ನೋಡುತ್ತಿದ್ದೆ. ಎಫ್‌ಎಫ್‌ವಿ1ರ 3ನೇ ಆವೃತ್ತಿಯಲ್ಲಿ ಫ್ರೇಮಿನೊಳಗೇ ತಪ್ಪು ಹಿಡಿಯುವ ಸಂಖ್ಯೆ, ಅಂದರೆ ಚೆಕ್‌ಸಮ್ ಇಡಬಹುದು. ಮುಂದೆ ಡಿಸ್ಕ್ ಕೆಟ್ಟು ಒಂದು ತುಣುಕು ಹಾಳಾದರೆ ಎಲ್ಲಿ ಎಂದು ಗೊತ್ತಾಗುತ್ತದೆ. ಅದರ ವಿವರಣೆ 2021ರಲ್ಲಿ ಆರ್‌ಎಫ್‌ಸಿ 9043 ಎಂಬ ತಾಂತ್ರಿಕ ದಾಖಲೆಯಾಗಿ ಎಲ್ಲರಿಗೂ ಸಿಗುವಂತೆ ಬಂದಿದೆ. ಯಾವುದೋ ಒಂದು ಕಂಪನಿ ಮುಚ್ಚಿದರೆ ಫೈಲ್ ತೆರೆಯದು ಎಂಬ ಭಯವಿಲ್ಲ.

ಧ್ವನಿಗೆ ಕಂಪ್ರೆಸ್ ಮಾಡದ ಪಿಸಿಎಂ, 48 ಕಿಲೋಹರ್ಟ್ಸ್. ಗಂಟೆಗೆ 1 ಜಿಬಿಯೂ ಆಗದು. ಅಜ್ಜಿ ಹಸೆ ಹಾಡುವುದು ಈ ಟೇಪಿನಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಅಲ್ಲಿ ಉಳಿತಾಯ ಮಾಡುವ ಮಾತೇ ಇಲ್ಲ.

ಡಿಇಂಟರ್ಲೇಸ್, ಅಂದರೆ ಫೀಲ್ಡ್‌ಗಳನ್ನು ಪೂರ್ತಿ ಫ್ರೇಮ್ ಮಾಡುವುದನ್ನು, ಕ್ಯಾಪ್ಚರ್ ಹೊತ್ತಿನಲ್ಲಿ ಮಾಡಲೇಬೇಡಿ. ಅಗ್ಗದ ಸಾಧನಗಳು ಒಂದು ಫೀಲ್ಡ್ ಬಿಸಾಡಿ, ಚಲನೆಯನ್ನು ಅರ್ಧಕ್ಕೆ ಇಳಿಸುತ್ತವೆ. ಮಾಸ್ಟರ್ (ಮೂಲ ಪ್ರತಿ) ಹಾಗೇ ಇರಲಿ. ಮನೆಯವರು ನೋಡಲು ಕ್ಯೂಟಿಜಿಎಂಸಿ ಎಂಬ ಡಿಇಂಟರ್ಲೇಸ್ ಸ್ಕ್ರಿಪ್ಟ್‌ನಿಂದ ಎರಡೂ ಫೀಲ್ಡ್ ಬಿಡಿಸಿ, ಸೆಕೆಂಡಿಗೆ 50 ಫ್ರೇಮಿನ ಎಚ್.264 ಎಂಪಿ4 ಬೇರೆ ಮಾಡಿದೆ. ಮಕ್ಕಳು ಚಪ್ಪರದಡಿ ಓಡುವುದು ಟಿವಿಯಲ್ಲಿ ಕಂಡ ಹಾಗೆಯೇ ನಯವಾಗಿ ಬರುತ್ತದೆ. ಚಿತ್ರದ ಕೆಳಗೆ ಅಲುಗಾಡುವ ಗೆರೆಗಳನ್ನು ಮುಚ್ಚಿದ್ದೂ ಈ ಪ್ರತಿಯಲ್ಲಿ ಮಾತ್ರ.

ವಿಎಚ್‌ಎಸ್ ಪ್ಲೇಯರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ 2016ರಲ್ಲಿ ನಿಲ್ಲಿಸಿತು. ಸುಸ್ಥಿತಿಯ ಪ್ಲೇಯರ್ ಕೈಯಲ್ಲಿದ್ದಾಗ ಮೊದಲು ಮಾಸ್ಟರ್ ತೆಗೆದಿಡಿ, ಎಡಿಟಿಂಗ್ ಯಾವಾಗ ಬೇಕಾದರೂ ಮಾಡಬಹುದು. ನನ್ನ ಮಾಸ್ಟರ್‌ಗಳು ಎರಡು ಹಾರ್ಡ್ ಡಿಸ್ಕ್‌ನಲ್ಲಿವೆ. ಒಂದು ನನ್ನ ಬಳಿ, ಇನ್ನೊಂದು ಅಕ್ಕನ ಮನೆಯಲ್ಲಿ.