ಜರ್ಮನಿಗೆ ಓದಲು ಬಂದಿದ್ದೀರಾ? ಸುತ್ತಾಟದ ಬಗ್ಗೆ ಒಂದಿಷ್ಟು

ಸ್ಟುಟ್‌ಗಾರ್ಟ್ ಕಡೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಬ್ಯಾಂಕ್ ಖಾತೆ ತೆರೆಯುವ ಮೊದಲೇ ಕೇಳುವುದು ಒಂದೇ ಮಾತು: ಪ್ಯಾರಿಸ್‌ಗೆ ಯಾವಾಗ ಹೋಗೋಣ? ಹೋಗಿ, ಬೇಡ ಅನ್ನಲ್ಲ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಕೈಗೆ ಬಂದಮೇಲೆ ಬೇರೆ ಶೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) 180 ದಿನಗಳಲ್ಲಿ 90 ದಿನ ಇರಬಹುದು. ಪಾಸ್‌ಪೋರ್ಟು, ಆ ಕಾರ್ಡು ಎರಡೂ ಜೊತೆಗಿರಲಿ. ಲಂಡನ್‌ಗೆ ಮಾತ್ರ ಬೇರೆ ವೀಸಾ ಬೇಕು.

ಆದರೆ ಹತ್ತು ದಿನದ ರಜೆಯಲ್ಲಿ ಆರು ದೇಶ ಮುಗಿಸಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿ ನೋಡಿ. ಬಸ್ ಸ್ಟ್ಯಾಂಡು, ಹಾಸ್ಟೆಲ್ಲು, ಸೆಲ್ಫಿ. ಅದಕ್ಕೇ ಮೊದಲ ವರ್ಷ ಲೋಕಲ್ ರೈಲಲ್ಲೇ ಓಡಾಡಿ ಅನ್ನುತ್ತೇನೆ. ಪ್ಯಾರಿಸ್ ಎಲ್ಲೂ ಓಡಿಹೋಗಲ್ಲ.

ಇದಕ್ಕೆ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾದದ್ದು, 2026ರ ಜನವರಿಯಿಂದ ತಿಂಗಳಿಗೆ 63 ಯೂರೊ ಆಗಿದೆ. ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆಗೆ ಸಿಗುತ್ತದೆ, ವಿಚಾರಿಸಿಕೊಳ್ಳಿ. ದೇಶದ ಎಲ್ಲ ಸಿಟಿ ಬಸ್ಸು, ಟ್ರಾಮು, ಪ್ರಾದೇಶಿಕ ರೈಲುಗಳಿಗೆ ಇದು ನಡೆಯುತ್ತದೆ. ಗಡಿಯಾಚೆಯ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ಹೋಗಬಹುದು. ಐಸಿಇ, ಐಸಿ ಅನ್ನುವ ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಇದು ತಿಂಗಳ ಚಂದಾ. ಮುಂದಿನ ತಿಂಗಳಿಗೆ ಬೇಡವಾದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ, ಇಲ್ಲವಾದರೆ ಮುಂದಿನ ತಿಂಗಳ ದುಡ್ಡೂ ಹೋಯಿತು ಅಂತಲೇ ಲೆಕ್ಕ.

ಸರಿಯಾದ ರೈಲು ಹತ್ತಿದರೆ ಸಾಲದು, ಸರಿಯಾದ ಬೋಗಿಯನ್ನೂ ಹತ್ತಬೇಕು. ಮ್ಯೂನಿಕ್‌ನಿಂದ ಟೇಗರ್ನ್‌ಸೀ ಕೆರೆಗೆ ಹೋಗುವ ರೈಲು ಹೋಲ್ಜ್‌ಕಿರ್ಷೆನ್‌ನಲ್ಲಿ ಒಮ್ಮೆ, ಶಾಫ್ಟ್‌ಲಾಖ್‌ನಲ್ಲಿ ಇನ್ನೊಮ್ಮೆ ತುಂಡಾಗುತ್ತದೆ. ಒಂದೊಂದು ತುಂಡು ಒಂದೊಂದು ಊರಿಗೆ. ಹಿಂದಿನ ಬೋಗಿಯಲ್ಲಿ ಹಾಯಾಗಿ ನಿದ್ದೆ ಹೊಡೆದವರು ಕೆರೆಯ ಬದಲು ಬೇರೆ ಬೆಟ್ಟದ ಬುಡದಲ್ಲಿ ಕಣ್ಣು ಬಿಡುತ್ತಾರೆ. ಬಾಗಿಲ ಹತ್ತಿರದ ಬೋರ್ಡು ಓದಿ ಕೂರಿ.

ಬುತ್ತಿ ಕಟ್ಟಿಕೊಂಡೇ ಹೊರಡಿ. ಮ್ಯೂನಿಕ್‌ನ ಹಳೇ ಬಿಯರ್ ಗಾರ್ಡನ್‌ಗಳಲ್ಲಿ ಊಟ ಮನೆಯಿಂದಲೇ ತರಬಹುದು. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು, ಅದು ಬರೀ ನಿಂಬೆ ಸೋಡಾ ಆದರೂ ಆಯಿತು. ಬಟ್ಟೆ ಹಾಸಿದ ಮೇಜು ಬಿಟ್ಟು ಬರಿ ಮರದ ಬೆಂಚಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿ. ಪಕ್ಕದ ಅಜ್ಜ ಇದೇನು ಅಂತ ಕೇಳಿದರೆ ಒಂದು ಚಮಚ ಕೊಡಿ. ಭಾಷಾ ಕ್ಲಾಸಿಗಿಂತ ಜಾಸ್ತಿ ಜರ್ಮನ್ ಅಲ್ಲಿ ಬರುತ್ತದೆ.

ಒಂದು ಶನಿವಾರ ಟ್ಯೂಬಿಂಗೆನ್‌ಗೂ ಹೋಗಿಬನ್ನಿ. ಸ್ಟುಟ್‌ಗಾರ್ಟ್‌ನಿಂದ ರೈಲಲ್ಲಿ ಸುಮಾರು ಒಂದು ಗಂಟೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿನ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಅದೇ ಊರಲ್ಲಿ. ನದಿ ದಂಡೆಯಲ್ಲಿ ಕೂತು ಈ ನಂಟನ್ನು ಜರ್ಮನ್ ಸಹಪಾಠಿಗೆ ಹೇಳಿ ನೋಡಿ. ಬಹಳ ಜನಕ್ಕೆ ಗೊತ್ತೇ ಇಲ್ಲ.

ಇನ್ನು ಸಂಸ್ಕೃತಿ ನೋಡಲು ರೈಲೂ ಬೇಡ. ಇಲ್ಲಿನ ಎಷ್ಟೋ ಕಟ್ಟಡಗಳಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ನಿಮ್ಮ ಬಾಗಿಲಿಗೆ ಪುಟ್ಟ ಬೋರ್ಡು ನೇತುಬಿದ್ದಿದ್ದರೆ ಆ ವಾರ ನಿಮ್ಮ ಪಾಳಿ. ಗುಡಿಸಿ ಪಕ್ಕದ ಮನೆಗೆ ದಾಟಿಸಿ. ಸುಮ್ನೆ ಬೋರ್ಡು ಮಾತ್ರ ದಾಟಿಸಿದರೆ ಮೂರನೇ ಮಹಡಿಯ ಅಜ್ಜಿಗೆ ತಿಳಿಯದೇ ಇರುವುದಿಲ್ಲ! ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಡಿ. ಗೋಡೆ ಕೊರೆಯುವುದು, ಗಾಜಿನ ಬಾಟಲಿ ಕಸದ ಡಬ್ಬಕ್ಕೆ ಹಾಕುವುದು, ಇಂಥ ಸದ್ದಿನ ಕೆಲಸ ಭಾನುವಾರ ಬೇಡ.

ಹುಟ್ಟುಹಬ್ಬದ ದಿನ ಕೇಕು ತರಬೇಕಾದವರು ನೀವೇ. ಶಾಲೆಯಲ್ಲಿ ಚಾಕೊಲೇಟ್ ಹಂಚಿದವರಿಗೆ ಇದು ಹೊಸದಲ್ಲ, ಅಲ್ವಾ? ಬೇರೆಯವರ ಹುಟ್ಟುಹಬ್ಬಕ್ಕೆ ಮಾತ್ರ ಹಿಂದಿನ ದಿನವೇ ಶುಭಾಶಯ ಹೇಳಬೇಡಿ. ಇಲ್ಲಿ ಅದನ್ನು ಅಪಶಕುನ ಅನ್ನುತ್ತಾರೆ.