ಹೆಬ್ಬೆರಳಿನ ಬುಡದ ನೋವು: ಕೀಲೋ, ಸ್ನಾಯುರಜ್ಜುವೋ?

ಅಡಿಕೆ ಕೊಯ್ಲು ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಸಾಗರದ ಸುತ್ತಲಿನ ಹಳ್ಳಿಗಳಿಂದ ಮಣಿಕಟ್ಟು ಹಿಡಿದುಕೊಂಡು ಹೆಂಗಸರು ನನ್ನಲ್ಲಿಗೆ ಬರತೊಡಗುತ್ತಾರೆ. ಕಳೆದ ಹಂಗಾಮಿನಲ್ಲಿ ಬಂದ 52 ವರ್ಷದವರೊಬ್ಬರು ಎಕ್ಸ್‌ರೇ ತಂದಿದ್ದರು. ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಎಂದು ಯಾರೋ ಹೇಳಿದ್ದರು. “ಸವೆದದ್ದು ಮತ್ತೆ ಬರುವುದಿಲ್ಲವಂತಲ್ಲ ಮೇಡಂ, ಇನ್ನು ಸುಲಿಯುವುದನ್ನೇ ಬಿಡಬೇಕಾ?” ಎಂದು ಕೇಳಿದರು. ಸುಲಿದಷ್ಟಕ್ಕೇ ಕೂಲಿ ಸಿಗುವವರ ಪ್ರಶ್ನೆ ಅದು. ಅವಸರದಲ್ಲಿ ಉತ್ತರಿಸಬಾರದು.

ಎಕ್ಸ್‌ರೇ ಪಕ್ಕಕ್ಕಿಟ್ಟು ಮಾತಿಗೆ ಕೂತೆ. ಬಿದ್ದು ಕೈ ಊರಿದ್ದಿರಾ? ಹಾಗಿದ್ದರೆ ಮಣಿಕಟ್ಟಿನ ಪುಟ್ಟ ಮೂಳೆಯೊಂದು ಬಿರುಕು ಬಿಟ್ಟಿರಬಹುದು, ಮೊದಲ ದಿನಗಳ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಕೈ ಜೋಮು ಹಿಡಿಯುತ್ತದೆಯೇ, ಕತ್ತಿನಿಂದ ನೋವು ಇಳಿಯುತ್ತದೆಯೇ, ಬೆಳಗ್ಗೆ ಎರಡೂ ಕೈಗಳ ಗೆಣ್ಣುಗಳು ಬಿಗಿದಿರುತ್ತವೆಯೇ? ಎಲ್ಲಕ್ಕೂ ಇಲ್ಲವೆಂದರು. ಕತ್ತನ್ನು ಎಲ್ಲ ಕಡೆಗೂ ತಿರುಗಿಸಿ ನೋಡಿದೆ, ಏನೂ ಸಿಗಲಿಲ್ಲ.

“ಒಂದೇ ಬೆರಳಲ್ಲಿ ಜಾಗ ತೋರಿಸಿ ಅಕ್ಕಾ” ಎಂದೆ. ಅವರು ಮುಟ್ಟಿದ್ದು ಸವೆದ ಕೀಲನ್ನಲ್ಲ, ಅದಕ್ಕಿಂತ ಸುಮಾರು ಎರಡು ಬೆರಳಗಲ ಮೇಲೆ, ಮೊಣಕೈ ಕಡೆಗೆ, ಮಣಿಕಟ್ಟಿನ ಅಂಚಿನ ಮೂಳೆಯುಬ್ಬನ್ನು. ಅಲ್ಲಿ ಸಣ್ಣ ಊತವಿತ್ತು. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು, ಅಲ್ಲಿ ಒಂದೇ ಕಿರಿದಾದ ಕವಚದೊಳಗೆ ಹಾದುಹೋಗುತ್ತವೆ. ಆ ಕವಚ ದಪ್ಪಗಾದರೆ ರಜ್ಜುಗಳು ಸಲೀಸಾಗಿ ಜಾರುವುದಿಲ್ಲ. ಸ್ವಿಸ್ ಶಸ್ತ್ರಚಿಕಿತ್ಸಕ ಡಿ ಕ್ವೆರ್ವೇನ್ 1895ರಲ್ಲಿ ವಿವರಿಸಿದ ತೊಂದರೆ ಇದು.

ಮೊದಲು ಕೀಲಿನ ಸರದಿ. ಹೆಬ್ಬೆರಳಿನ ಮೂಳೆಯನ್ನು ಉದ್ದಕ್ಕೆ ಒತ್ತಿ ತಿರುಗಿಸಿದೆ. ಕೊಂಚ ಕಿರಿಕಿರಿ ಅಷ್ಟೆ, “ಇದು ನನ್ನ ನೋವಲ್ಲ” ಎಂದರು. ಈ ಮಾತಿಗಾಗಿಯೇ ನಾನು ಕಾಯುತ್ತಿರುತ್ತೇನೆ. ಆಮೇಲೆ ಹೆಬ್ಬೆರಳನ್ನು ಮೇಲೆತ್ತಲು ಹೇಳಿ ನನ್ನ ಬೆರಳಿನಿಂದ ತಡೆದೆ. ಮುಖ ಕಿವುಚಿದರು. ಕೊನೆಗೆ ಅಂಗೈಯನ್ನು ಮೇಜಿನಂಚಿನಿಂದ ಇಳಿಬಿಟ್ಟು ಕಿರುಬೆರಳ ಕಡೆಗೆ ನಿಧಾನ ಬಾಗಿಸಿದೆ. “ಇದೇ, ಇದೇ!” ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿ ಮಣಿಕಟ್ಟನ್ನು ಜೋರಾಗಿ ಬಾಗಿಸುವ ಪರೀಕ್ಷೆಯನ್ನು ಮೊದಮೊದಲು ನಾನೂ ಮಾಡುತ್ತಿದ್ದೆ. ಹಾಗೆ ಮಾಡಿದರೆ ಆರೋಗ್ಯವಂತರಿಗೂ ನೋಯುತ್ತದೆ. ಅದನ್ನೇ ನಂಬಿ ಕೆಲವರಿಗೆ ಬೇಡದ ಪಟ್ಟಿ ಕಟ್ಟಿಸಿದ ಬೇಸರ ನನಗಿನ್ನೂ ಇದೆ.

ಸವೆತ ಸುಳ್ಳಲ್ಲ. ಐವತ್ತು ದಾಟಿದ ಹೆಂಗಸರಲ್ಲಿ ಅದು ಸಾಮಾನ್ಯ, ನೋವಿಲ್ಲದವರ ಎಕ್ಸ್‌ರೇಯಲ್ಲೂ ಕಾಣುತ್ತದೆ. ಇವರಿಗೆ ನೋವು ಕೊಡುತ್ತಿದ್ದದ್ದು ಅದಲ್ಲ.

ಮರುದಿನ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನೂ ಒಂದಿಷ್ಟು ಹಸಿ ಅಡಿಕೆಯನ್ನೂ ತರಿಸಿದೆ. ಹಲಗೆಯ ಮೇಲೆ ಕೂತು ಸುಲಿಯುವಾಗ ಪ್ರತಿ ಅಡಿಕೆಗೂ ಬಲ ಹೆಬ್ಬೆರಳು ಒತ್ತುತ್ತಿತ್ತು, ಮಣಿಕಟ್ಟು ಕಿರುಬೆರಳ ಕಡೆಗೆ ವಾಲುತ್ತಿತ್ತು. ನಾನು ಮೇಜಿನಂಚಿನಲ್ಲಿ ಮಾಡಿಸಿದ ಚಲನೆಯೇ, ದಿನಕ್ಕೆ ಸಾವಿರಾರು ಸಲ. ಮಣಿಕಟ್ಟು ನೆಟ್ಟಗಿರುವಂತೆ ಕೈ ಹಿಡಿಯುವುದನ್ನು ಅಲ್ಲೇ ಅಭ್ಯಾಸ ಮಾಡಿಸಿದೆ. ಅರ್ಧ ಗಂಟೆಗೊಮ್ಮೆ ಸುಲಿಯುವುದನ್ನು ಬಿಟ್ಟು ಅಡಿಕೆ ಆರಿಸಿ ಬೇರ್ಪಡಿಸುವ ಕೆಲಸಕ್ಕೆ ಕೂರಲು ಹೇಳಿದೆ. ಮೂರು ವಾರ ಹೆಬ್ಬೆರಳನ್ನೂ ಹಿಡಿದಿಡುವ ಸ್ಪ್ಲಿಂಟ್, ನಂತರ ನಿಧಾನವಾಗಿ ಭಾರದ ವ್ಯಾಯಾಮ. ಇಳಿಯದಿದ್ದರೆ ಚುಚ್ಚುಮದ್ದಿಗಾಗಿ ಮೂಳೆ ವೈದ್ಯರಲ್ಲಿಗೆ ಕಳಿಸುವುದೆಂದೂ ಮೊದಲೇ ತಿಳಿಸಿದ್ದೆ.

ಮೊದಲ ದಿನ ಒದ್ದೆ ಟವೆಲ್ ಹಿಂಡಿಸಿದಾಗ ಅವರು ನೋವಿಗೆ ಹತ್ತಕ್ಕೆ ಏಳು ಅಂಕ ಕೊಟ್ಟಿದ್ದರು. ಆರನೆಯ ವಾರ ಅದೇ ಟವೆಲ್ಲನ್ನು ಹನಿ ಉಳಿಯದಂತೆ ಹಿಂಡಿ, “ಎರಡು” ಎಂದರು.